ಹೊಳಪು ನೆಟ್ಟಗಿದ್ದಲ್ಲಿ

6 ಜೂನ್ 2022, ಸೋಮವಾರ

ಇವತ್ತು ಕೆಲಸಕ್ಕೆ ಸೇರಿದೆ. ಮನೆಯಿಂದ ಹೊರಗೆ ಹೋಗಿ ಒಂದು ಕಡೆ ಒಂಬತ್ತು ಗಂಟೆ ಕೂತು ಬಂದೆ ಎಂಬುದೇ ನನಗೆ ದೊಡ್ಡದು. ಮಲ್ಲಿಕಾರ್ಜುನ ಹೋಗಿ ಹದಿಮೂರು ತಿಂಗಳಾಯಿತು. ಕೊರೊನಾದ ಎರಡನೇ ಅಲೆಯಲ್ಲಿ ಅವನನ್ನು ಆಸ್ಪತ್ರೆಯ ಬಾಗಿಲವರೆಗೆ ಬಿಟ್ಟು ಬಂದವಳು ಮತ್ತೆ ಗಂಡನ ಮುಖ ನೋಡಲಿಲ್ಲ. ಆಮೇಲೆ ನಾನು ಈ ಓಣಿ ದಾಟಿದ್ದು ಹತ್ತು ಸಲ ಇದ್ದರೆ ಹೆಚ್ಚು.

ಆಫೀಸು ನಾಚಾರಂನಲ್ಲಿ, ಮೊದಲು ನೂಲಿನ ಗೋದಾಮಾಗಿದ್ದ ಕಟ್ಟಡದ ಎರಡನೇ ಮಹಡಿ. ನಮ್ಮ ಮನೆಯಿಂದ ನಡೆದರೆ ಇಪ್ಪತ್ತು ನಿಮಿಷ. ಹನ್ನೆರಡು ಜನ, ಹನ್ನೆರಡು ಕಂಪ್ಯೂಟರು. ಮ್ಯಾನೇಜರ್ ಅಕ್ಷಯ ತಾರ್ನಾಕದ ಹುಡುಗ, ಈ ತೆಲುಗು ಊರಿನಲ್ಲಿದ್ದೂ ಮನೆಮಾತು ಕನ್ನಡವೇ. ಕೆಲಸ ಏನೆಂದು ಅವನೇ ತಿಳಿಸಿ ಹೇಳಿದ. ಯೂರೋಪಿನ ಯಾವುದೋ ಊರಿನಲ್ಲಿ ಒಂದು ಗೋದಾಮು. ಅದರೊಳಗೆ ಮನುಷ್ಯರು ಓಡಾಡಲು ಜಾಗವೇ ಇಲ್ಲ. ಪ್ಲಾಸ್ಟಿಕ್ ಡಬ್ಬಗಳನ್ನು ಒಂದಕ್ಕೊಂದು ಒತ್ತಿ, ಒಂದರ ಮೇಲೊಂದು, ಮಾಳಿಗೆಯೆತ್ತರ ಪೇರಿಸಿದ್ದಾರೆ. ಮೇಲ್ಗಡೆ ಓಡಾಡುವ ಸಣ್ಣ ಗಾಡಿಗಳು ಬೇಕಾದ ಡಬ್ಬವನ್ನು ಎತ್ತಿ ತಂದು ರೋಬೋ ತೋಳಿನ ಮುಂದೆ ಇಡುತ್ತವೆ. ಆ ತೋಳಿಗೆ ಬೆರಳಿಲ್ಲ, ತುದಿಯಲ್ಲಿ ಒಂದು ರಬ್ಬರ್ ಕಪ್ ಇದೆ. ಅದು ಸಾಮಾನಿನ ಮೇಲೆ ಕೂತು, ಗಾಳಿ ಹೀರಿ, ಕಚ್ಚಿ ಹಿಡಿದು ಎತ್ತುತ್ತದೆ. ಎಲ್ಲಿ ಕೂರಬೇಕೆಂದು ಅದಕ್ಕೆ ತಿಳಿಯದೇ ಹೋದಾಗ ಡಬ್ಬದ ಚಿತ್ರ ನಮ್ಮ ಮುಂದೆ ಬರುತ್ತದೆ. ನಾವು ಮೌಸಿನಿಂದ ಒಂದು ಚುಕ್ಕೆ ಇಡಬೇಕು. ಕಪ್ ಅಲ್ಲಿ ಇಳಿಯುತ್ತದೆ. ಒಂದು ಚಿತ್ರಕ್ಕೆ ಆರು ಸೆಕೆಂಡು.

ರಾತ್ರಿ ಅವ್ವನಿಗೆ ಇದೆಲ್ಲ ಹೇಳಿದೆ. ಅವ್ವ ಇಪ್ಪತ್ತೆರಡು ವರ್ಷ ಈ ಊರಿನ ಕಟ್ಟಡಗಳಿಗೆ ಇಟ್ಟಿಗೆ ಹೊತ್ತವಳು. ಈಗ ಎರಡೂ ಮೊಣಕಾಲು ಹೋಗಿ ಮಂಚ ಹಿಡಿದಿದ್ದಾಳೆ.

"ಸಾಮಾನು ಅಲ್ಲೈತಿ, ನೀ ಇಲ್ಲಿ ಕುಂತೀದಿ. ಮುಟ್ಟಲಾರದ ಎತ್ತೂದು ಅದೆಂಥಾ ಕೆಲಸವಾ?" ಅಂದಳು.

ಊಟ ಮಾಡಿ ಮಲಗುವಾಗ ಎಂದಿನಂತೆ ಹಾಸಿಗೆಯ ಬಲಗಡೆ ಜಾಗ ಬಿಟ್ಟೆ.

9 ಜೂನ್, ಗುರುವಾರ

ನಾಲ್ಕನೇ ದಿನಕ್ಕೇ ಕೆಲಸ ಹೋಗುವುದರಲ್ಲಿತ್ತು.

ಮಧ್ಯಾಹ್ನ ಗಂಡಸರ ಶರ್ಟುಗಳ ಡಬ್ಬ ಬಂತು. ಪ್ಲಾಸ್ಟಿಕ್ ಕವರಿನೊಳಗೆ ಮಡಚಿಟ್ಟ ಆಕಾಶನೀಲಿ ಶರ್ಟು, ಕಾಲರಿನ ಮೇಲೆ ನಲವತ್ತು ಎಂಬ ಚೀಟಿ. ಮಲ್ಲಿಕಾರ್ಜುನನ ಅಳತೆ. ಕೈ ಮೌಸಿನ ಮೇಲೇ ಇತ್ತು, ಬೆರಳು ಏಳಲಿಲ್ಲ. ಪರದೆಯ ಮೂಲೆಯಲ್ಲಿ ಕೆಂಪು ಹತ್ತಿತು. ಒಂದು ಚಿತ್ರ ಹೋಯಿತು, ಎರಡು, ನಾಲ್ಕು. ಅಲ್ಲಿ ತೋಳು ನಿಂತುಬಿಟ್ಟಿರುತ್ತದೆ, ಅದರ ಹಿಂದೆ ಗಾಡಿಗಳು ಸಾಲುಗಟ್ಟಿರುತ್ತವೆ ಎಂದು ಗೊತ್ತಿದ್ದೂ ಕೂತೇ ಇದ್ದೆ.

ಪಕ್ಕದ ಕುರ್ಚಿಯ ಹೆಂಗಸು ಏನೂ ಕೇಳದೆ ನನ್ನ ಮೌಸು ತನ್ನ ಕಡೆ ಎಳೆದುಕೊಂಡರು. "ತಂಗಿ, ನೀ ಆ ಕಿಡಕಿ ಕಡೆ ನೋಡು. ಇವನ್ನ ನಾ ಮುಗಸ್ತೀನಿ." ಎಡಗೈಯಲ್ಲಿ ನನ್ನದು, ಬಲಗೈಯಲ್ಲಿ ಅವರದು, ಹತ್ತು ನಿಮಿಷ ಎರಡೂ ಪರದೆ ನಡೆಸಿದರು. ಐವತ್ತು ದಾಟಿದ ಹೆಂಗಸು. ಹೆಸರು ಸತ್ಯಭಾಮಾ, ಮನೆ ಮಲ್ಕಾಜ್‌ಗಿರಿಯಲ್ಲಿ.

ಚಹಾದ ಹೊತ್ತಿಗೆ ಮೆಲ್ಲಗೆ ಕೇಳಿದರು: "ಯಾರು ಹೋಗ್ಯಾರ?"

"ನಮ್ಮನಿಯವರು."

ತಮ್ಮ ಡಬ್ಬಿಯ ಅವಲಕ್ಕಿಯಲ್ಲಿ ಅರ್ಧ ನನ್ನ ಮುಚ್ಚಳಕ್ಕೆ ಹಾಕಿ, "ತಿನ್ನು, ಇನ್ನೂ ನಾಕು ತಾಸದ" ಅಂದರು.

21 ಜೂನ್, ಮಂಗಳವಾರ

ಸತ್ಯಭಾಮಕ್ಕ ಜನರಲ್ ಬಜಾರಿನ ರೆಡಿಮೇಡ್ ಸಗಟು ಅಂಗಡಿಯಲ್ಲಿ ಇಪ್ಪತ್ತು ವರ್ಷ ಬಟ್ಟೆ ಪ್ಯಾಕ್ ಮಾಡುತ್ತಿದ್ದವರು. ಲಾಕ್‌ಡೌನಿನಲ್ಲಿ ಆ ಅಂಗಡಿ ಮುಚ್ಚಿತು. ಬಟ್ಟೆಯ ಡಬ್ಬ ಬಂದರೆ ಉಳಿದವರೆಲ್ಲ ತಡವರಿಸುತ್ತೇವೆ. ಪೊಟ್ಟಣದ ನಡುವೆ ಚುಕ್ಕೆ ಇಡುತ್ತೇವೆ, ಕಪ್ ಕೂರುತ್ತದೆ, ಎತ್ತುವಾಗ ಕವರ್ ಸುಕ್ಕಾಗಿ ಗಾಳಿ ಸೋರಿ ದೊಪ್ಪೆಂದು ಬೀಳುತ್ತದೆ. ಅವರದು ಬೀಳುವುದಿಲ್ಲ.

ಇವತ್ತು ನನಗೆ ಗುಟ್ಟು ಬಿಟ್ಟುಕೊಟ್ಟರು. ಕುರ್ಚಿ ಹತ್ತಿರಕ್ಕೆಳೆದುಕೊಂಡು ಪರದೆಯ ಮೇಲೆ ಉಗುರಿಟ್ಟು ತೋರಿಸಿದರು.

"ಅರಿವಿ ನೋಡಬ್ಯಾಡ, ಕವರಿನ ಮ್ಯಾಲಿನ ಹೊಳಪು ನೋಡು. ಹೊಳಪು ನೆಟ್ಟಗ ಗೆರಿ ಹಂಗ ಇತ್ತಂದ್ರ ಅಲ್ಲಿ ಕವರ್ ಬಿಗಿ ಅದ. ಮುರದು ಮುರದು ಇತ್ತಂದ್ರ ಸಡ್ಲ. ಕಾಲರಿನ ಕೆಳಗ ರಟ್ಟು ಇರ್ತದ, ಆ ಬಾಜೂ ಯಾವಾಗ್ಲೂ ಬಿಗಿ. ಮತ್ತ ಇಲ್ಲಿ ನೋಡು, ಕವರಿಗೆ ಎರಡು ಸಣ್ಣ ತೂತು ಇರ್ತಾವ, ಗಾಳಿ ಹೋಗ್ಲಿ ಅಂತ. ಅದರ ಮ್ಯಾಲೆ ಕಪ್ ಕೂಡಿಸಿದಿ ಅಂದ್ರ ಮುಗೀತು."

"ನಿಮಗ ಯಾರು ಹೇಳಿದರಿ ಇದನ್ನ?"

"ಯಾರು ಹೇಳ್ತಾರ? ಇಪ್ಪತ್ತು ವರ್ಷ ಇದ ಕೈಲೆ ಹಿಡದು ಹಿಡದು ಜೋಡಿಸೀನಿ. ಎಲ್ಲಿ ಹಿಡದ್ರ ಜಾರ್ತದ, ಎಲ್ಲಿ ಹಿಡದ್ರ ನಿಲ್ತದ, ಕೈಗೆ ಗೊತ್ತಾಗ್ತದ."

ಅವರ ಯಜಮಾನರು ಹಣಮಂತರಾಯರಿಗೆ ಎರಡೂ ಕಿಡ್ನಿ ಕೆಲಸ ಮಾಡುತ್ತಿಲ್ಲ. ಮಂಗಳವಾರ, ಗುರುವಾರ, ಶನಿವಾರ ಬೆಳಿಗ್ಗೆ ಆರಕ್ಕೆ ಡಯಾಲಿಸಿಸ್. ಅದನ್ನು ಮುಗಿಸಿ ಅವರನ್ನು ಮನೆಗೆ ಮುಟ್ಟಿಸಿ, ನಮ್ಮ ಪಾಳಿ ಶುರುವಾಗುವ ಹನ್ನೊಂದೂವರೆಗೆ ಇಲ್ಲಿಗೆ ಬರುತ್ತಾರೆ. ಕಂಪನಿಯ ಆರೋಗ್ಯ ಕಾರ್ಡಿನಲ್ಲಿ ಗಂಡನಿಗೂ ಚಿಕಿತ್ಸೆ ಇದೆ. "ಆ ಕಾರ್ಡಿನ ಸಲುವಾಗೇ ಈ ವಯಸ್ಸಿನ್ಯಾಗ ಕಂಪ್ಯೂಟರ್ ಕಲತೀನಿ ನೋಡು" ಎಂದು ನಕ್ಕರು.

ನಾಲ್ಕು ಸೆಕೆಂಡಿನಲ್ಲಿ ಒಂದು ನೀಲಿ ಶರ್ಟು ಎತ್ತಿಸಿದೆ. ಎತ್ತಿದ ಮೇಲೆ ಅಳತೆಯ ಚೀಟಿ ನೋಡಲಿಲ್ಲವಲ್ಲ ಎಂದು ನೆನಪಾಯಿತು.

15 ಜುಲೈ, ಶುಕ್ರವಾರ

ಹೊಸಬರಲ್ಲಿ ಇಬ್ಬರನ್ನು ಕೆಲಸದಿಂದ ಬಿಡಿಸಿದರು. ನನ್ನ ಸರಾಸರಿ 4.8 ಸೆಕೆಂಡು. ಸತ್ಯಭಾಮಕ್ಕ ಇಲ್ಲದಿದ್ದರೆ ಆ ಇಬ್ಬರ ಜೊತೆ ನಾನೂ ಮೆಟ್ಟಿಲಿಳಿಯುತ್ತಿದ್ದೆ. ಅವ್ವ ಹೋಳಿಗೆ ಮಾಡುತ್ತೇನೆಂದು ಎದ್ದು, ನಿಲ್ಲಲಾರದೆ ಮತ್ತೆ ಕೂತಳು. ನಾನೇ ಮಾಡಿದೆ. ಮಲ್ಲಿಕಾರ್ಜುನನ ಫೋಟೋದ ಮುಂದೆ ಒಂದು ಇಟ್ಟೆವು.

7 ಆಗಸ್ಟ್, ಭಾನುವಾರ

ಮಲ್ಕಾಜ್‌ಗಿರಿಗೆ ಹೋಗಿದ್ದೆ. ಸ್ಟೇಷನ್ನಿನ ಹಿಂದಿನ ಓಣಿ, ಎರಡು ಕೋಣೆಯ ಬಾಡಿಗೆ ಮನೆ, ಬಾಗಿಲಲ್ಲಿ ತುಳಸಿ. ಮಕ್ಕಳಿಲ್ಲ. ಹಣಮಂತರಾಯರು ಮೂವತ್ತೊಂದು ವರ್ಷ ಲಾರಿ ಟ್ರಾನ್ಸ್‌ಪೋರ್ಟ್ ಕಚೇರಿಯಲ್ಲಿ ಬುಕಿಂಗ್ ಗುಮಾಸ್ತರಾಗಿದ್ದರಂತೆ. ಡಯಾಲಿಸಿಸ್ಸಿನ ಸೂಜಿ ಹಾಕುವ ಎಡಗೈಯ ರಕ್ತನಾಳ ಹಗ್ಗದಂತೆ ಉಬ್ಬಿದೆ, ಆದರೂ ಬಾಯಿಗೆ ಸುಮ್ಮನಿರಲು ಬರುವುದಿಲ್ಲ.

"ವಾರಕ್ಕ ಮೂರು ಸಲ ನನ್ನ ರಕ್ತ ಹೊರಗ ಹೋಗಿ ಊರು ನೋಡಿ ಬರ್ತದವ್ವ. ನನಗ ಮಾತ್ರ ಮಂಚ ಬಿಡಂಗಿಲ್ಲ."

ನಮ್ಮ ಕೆಲಸದ ಬಗ್ಗೆ ಬಿಡಿಸಿ ಬಿಡಿಸಿ ಕೇಳಿದರು. "ಆ ರಬ್ಬರ್ ಕಪ್ ಸಾಮಾನು ಕೆಡವಿತಂದ್ರ ಯಾರು ಬೈತಾರ?"

"ಯಾರೂ ಬೈಯಂಗಿಲ್ಲರಿ. ಎಣಸ್ತಾರ."

"ಬೈದ್ರನ ಚಲೋ ಇತ್ತು" ಅಂದರು. ಮೂವರೂ ನಕ್ಕೆವು. ಎಷ್ಟು ದಿನವಾಗಿತ್ತೋ ನಾನು ಹಾಗೆ ನಕ್ಕು. ನನಗೂ ಅಕ್ಕನಿಗೂ ತುಂಬಿದ ಲೋಟ ಚಹಾ, ರಾಯರಿಗೆ ನೀರು ಹೆಚ್ಚಾಗಬಾರದೆಂದು ಅಳೆದ ಅರ್ಧ ಬಟ್ಟಲು. ಅದನ್ನು ಅವರು ಕಾಲು ಗಂಟೆ ಕುಡಿದರು. ಹೊರಡುವಾಗ ಅಕ್ಕ ನನಗೆ ಕುಂಕುಮ ಹಚ್ಚಿದರು. ನಾನು ಹಿಂದೆ ಸರಿದೆ. "ನಮ್ಮನ್ಯಾಗ ಅದೆಲ್ಲ ನಡಿಯಂಗಿಲ್ಲ" ಎಂದು ಗದ್ದ ಹಿಡಿದು ಹಚ್ಚಿಯೇ ಬಿಟ್ಟರು.

30 ಆಗಸ್ಟ್, ಮಂಗಳವಾರ

ನಾನು ಬಂದ ಕೂಡಲೇ ಅಕ್ಷಯ ಒಳಗೆ ಕರೆದ. "ಬಟ್ಟೆ ಡಬ್ಬ ಬಂದಾಗ ನಿಮ್ಮದು ಬೀಳೋದೇ ಇಲ್ಲ. ಹೆಂಗ ನೋಡ್ತೀರಿ ಅನ್ನೋದನ್ನ ಇಂಗ್ಲಿಷಿನಲ್ಲಿ ಬರೆದು ಕೊಡ್ತೀರಾ? ಸಾಫ್ಟ್‌ವೇರ್ ಬರೆಯೋವ್ರಿಗೆ ಕಳಸ್ತೀನಿ. ನಮ್ಮ ಟೀಮಿಗೆ ಒಳ್ಳೇ ಹೆಸರು ಬರ್ತದ."

ಇದು ಸತ್ಯಭಾಮಕ್ಕ ಕಲಿಸಿದ್ದು ಎಂದು ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಅವನಿಗೆ ಫೋನ್ ಬಂತು. ಅಕ್ಕನನ್ನು ಕೇಳಿಯೇ ಬರೆಯೋಣವೆಂದರೆ ಇವತ್ತು ಡಯಾಲಿಸಿಸ್ ದಿನ, ಬರುವುದು ತಡವಾಗಿತ್ತು, ಬಂದವರು ದಣಿದಿದ್ದರು. ಅವರಿಗೆ ಇಂಗ್ಲಿಷಿನಲ್ಲಿ ಬರೆಯಲು ಬರುವುದೂ ಇಲ್ಲ. ಊಟದ ವೇಳೆಯಲ್ಲಿ ಕೂತು ಬರೆದೆ. ಹೊಳಪು, ಕಾಲರಿನ ರಟ್ಟು, ಎರಡು ತೂತು, ಮಡಿಕೆಯ ಬದಿ, ಎಲ್ಲ. ಚಿತ್ರಗಳ ಮೇಲೆ ಗೆರೆ ಎಳೆದು ತೋರಿಸಿದೆ. ಬಿ.ಕಾಂ. ಮುಗಿಸಿದ ಮೇಲೆ ಇಷ್ಟು ಬರೆದದ್ದು ಇದೇ ಮೊದಲು. ನಾಲ್ಕು ಪುಟ ಆಯಿತು. ಮೇಲ್ಗಡೆ ಒಂದೇ ಹೆಸರಿಗೆ ಜಾಗವಿತ್ತು.

ಅಕ್ಷಯ ಓದಿ, "ಇದು ಭಾಳ ಅಪರೂಪದ ನೋಟ್, ಶಿವಗಂಗಾ ಅವರೆ" ಅಂದ. ಮನೆಗೆ ನಡೆದು ಬರುವಾಗ ದಾರಿಯಲ್ಲಿ ಮಲ್ಲಿಗೆ ಕೊಂಡೆ. ನಾಳೆ ಅಕ್ಕನಿಗೆ ಹೇಳಿದರಾಯಿತು.

28 ಸೆಪ್ಟೆಂಬರ್, ಬುಧವಾರ

ಓಣಿಯಲ್ಲಿ ಬತುಕಮ್ಮ ಹೂಹಬ್ಬದ ಹಾಡು. ಅವ್ವ ಕಿಟಕಿಯಿಂದಲೇ ನೋಡಿದಳು.

ಸಾಫ್ಟ್‌ವೇರ್ ಹೊಸದು ಹಾಕಿ ಹತ್ತು ದಿನವಾಯಿತು. ಈಗ ತೋಳಿನ ಕ್ಯಾಮೆರಾ ತಾನೇ ಹೊಳಪು ಹುಡುಕುತ್ತದೆ. ಬಟ್ಟೆಯ ಚಿತ್ರಗಳು ದಿನಕ್ಕೆ ಸಾವಿರದ ಮೇಲೆ ಬರುತ್ತಿದ್ದವು, ಇವತ್ತು ಅರವತ್ತೊಂದು. ನನ್ನ ನೋಟಿನಿಂದಲೇ ಇದಾಯಿತೆಂದು ಅಕ್ಷಯ ಎಲ್ಲರಿಗೂ ಕಾಣುವ ಹಾಗೆ ಮೇಲ್ ಕಳಿಸಿದ್ದಾನೆ. ಇಂಗ್ಲಿಷ್ ಮೇಲುಗಳನ್ನು ಸತ್ಯಭಾಮಕ್ಕ ತೆರೆಯುವುದಿಲ್ಲ. ನನ್ನನ್ನು ಟೀಮ್ ಲೀಡ್ ಮಾಡಿದ್ದಾರೆ. ಅದರಿಂದ ಆರೋಗ್ಯ ಕಾರ್ಡಿನಲ್ಲಿ ಅವ್ವನ ಹೆಸರೂ ಸೇರಿತು. ಮೊಣಕಾಲಿನ ಆಪರೇಷನ್ ಅದರಲ್ಲೇ ಆಗುತ್ತದೆ.

ಮಧ್ಯಾಹ್ನ ಸತ್ಯಭಾಮಕ್ಕ ಆಕಳಿಸಿ, "ಏನಾಗ್ಯದೋ ಗಂಗಾ, ಅರಿವಿ ಬರೂದ ಬಂದಾಗ್ಯದ. ಆ ದೇಶದ ಮಂದಿ ಅಂಗಿ ತೊಡೂದು ಬಿಟ್ಟಾರೇನು?" ಅಂದರು. ನಕ್ಕರು. ನಾನೂ ನಕ್ಕೆ.

31 ಅಕ್ಟೋಬರ್, ಸೋಮವಾರ

ಅಲ್ಲಿ ಚಳಿಗಾಲಕ್ಕೆಂದು ಗಡಿಯಾರ ಒಂದು ಗಂಟೆ ಹಿಂದಕ್ಕೆ ಹಾಕಿದ್ದಾರೆ. ನಮ್ಮ ಪಾಳಿ ಹನ್ನೆರಡೂವರೆಗೆ ಸರಿಯಿತು.

ಕೆಲಸ ಕಡಿಮೆಯಾದುದರಿಂದ ಹತ್ತು ಜನರಲ್ಲಿ ನಾಲ್ವರನ್ನು ಬಿಡಬೇಕಂತೆ. ಪಟ್ಟಿಯನ್ನು ಯಾರೂ ಮಾಡಿಲ್ಲ, ಅಂಕಿಗಳೇ ಮಾಡಿವೆ. ಬಟ್ಟೆ ಹೋದ ಮೇಲೆ ಉಳಿದದ್ದು ಕ್ರೀಮಿನ ಕರಡಿಗೆ, ವೈರು, ಬಲೆಚೀಲದ ಆಟಿಕೆ. ಇವುಗಳಲ್ಲಿ ಸತ್ಯಭಾಮಕ್ಕನ ಸರಾಸರಿ 7.4 ಸೆಕೆಂಡು. ಪಟ್ಟಿಯಲ್ಲಿ ಮೊದಲ ಹೆಸರು ಅವರದೇ.

ನೋಡಿ ಸಹಿ ಮಾಡಬೇಕಾದದ್ದು ಟೀಮ್ ಲೀಡ್. ಅಕ್ಷಯ ಹೇಳಿದ: "ನನಗೂ ಬೇಜಾರದ. ಬೇಕಂದ್ರ ಒಂದು ಹೆಸರು ಉಳಿಸ್ಲಿಕ್ಕೆ ಅವಕಾಶ ಅದ. ಆದರ ಸರಿಯಾದ ಕಾರಣ ಬರೆದು ಕೊಡಬೇಕು, ಮ್ಯಾಲಿನವ್ರು ಒಪ್ಪೋ ಹಂಗ."

ಬರೆಯಲು ಕೂತೆ. "ಬಟ್ಟೆಯ ನೋಟಿನಲ್ಲಿರುವುದೆಲ್ಲ ಇವರ ತಿಳಿವಳಿಕೆ" ಎಂದು ಒಂದು ಸಾಲು ಬರೆದೆ. ಮುಂದೆ ಏನು ಬರೆದರೂ ಆ ಸಾಲು ನಿಂತೇ ಇರುತ್ತದೆ. ಅದನ್ನು ಓದಿದವರು ನನ್ನನ್ನು ಏನೆಂದುಕೊಳ್ಳುತ್ತಾರೆ? ಲೀಡ್ ಹೋದರೆ ಹೋಗಲಿ, ಕಾರ್ಡು ಹೋದರೆ ಅವ್ವನ ಕಾಲು? ಅಳಿಸಿದೆ. ಬೇರೆ ಕಾರಣ ಹುಡುಕಿದೆ, ಸಿಗಲಿಲ್ಲ. ಒಬ್ಬರಿಗೆ ಹೀಗೆ ಮಾಡಿದರೆ ಉಳಿದ ಮೂವರಿಗೆ ಅನ್ಯಾಯವಲ್ಲವೇ. ಅವರಿಗೂ ಮನೆ ಇದೆ.

ಐದು ಗಂಟೆಗೆ ಸಹಿ ಮಾಡಿದೆ.

4 ನವೆಂಬರ್, ಶುಕ್ರವಾರ

ಸತ್ಯಭಾಮಕ್ಕ ಇವತ್ತು ಹೋದರು. ಕುರ್ಚಿಯ ಮೇಲಿನ ದಿಂಬು, ಕನ್ನಡಕದ ಡಬ್ಬಿ, ನೀರಿನ ಬಾಟಲಿ ಚೀಲಕ್ಕೆ ಹಾಕಿಕೊಂಡರು. ಗುರುತಿನ ಚೀಟಿ, ಆರೋಗ್ಯ ಕಾರ್ಡು ಎರಡನ್ನೂ ನನ್ನ ಕೈಗೇ ಕೊಟ್ಟರು. ಇಸಿದುಕೊಳ್ಳುವುದು ಲೀಡಿನ ಕೆಲಸ.

ಮೆಟ್ಟಿಲ ಹತ್ತಿರ ನನ್ನ ಕೈ ಹಿಡಿದು, "ನೀ ನನ್ನ ಸಲುವಾಗಿ ಎಷ್ಟು ಬಡದಾಡಿರಬೇಕು, ನನಗ ಗೊತ್ತದ. ನಿನ್ನ ಮಾರಿ ನೋಡಿದ್ರ ತಿಳೀತದ. ಮನಸ್ಸಿಗೆ ಹಚ್ಕೋಬ್ಯಾಡ" ಅಂದರು.

ಅವರ ಚೀಲ ಇಸಿದುಕೊಂಡು ಕೆಳಗಿನವರೆಗೆ ಹೊತ್ತೆ.

25 ನವೆಂಬರ್, ಶುಕ್ರವಾರ

ಅಲ್ಲಿ ವರ್ಷದ ದೊಡ್ಡ ಮಾರಾಟ. ಆರು ಜನ, 9,340 ಚಿತ್ರ. ಬಿದ್ದದ್ದು 1.1%.

26 ನವೆಂಬರ್

10,112. ಬಿದ್ದದ್ದು 0.9%.

29 ನವೆಂಬರ್

8,870. 0.9%. ಕುತ್ತಿಗೆ ನೋವು.

18 ಡಿಸೆಂಬರ್, ಭಾನುವಾರ

ಸತ್ಯಭಾಮಕ್ಕ ಫೋನ್ ಮಾಡಿದ್ದರು. ಈಗ ಡಯಾಲಿಸಿಸ್ ಸರ್ಕಾರಿ ಆಸ್ಪತ್ರೆಯಲ್ಲಿ. ಅಲ್ಲಿ ರೋಗಿಗಳು ಹೆಚ್ಚು, ಯಂತ್ರ ಕಡಿಮೆ, ಪಾಳಿ ಬರುವುದು ವಾರಕ್ಕೆ ಎರಡೇ ಸಲ, ಕೆಲವು ವಾರ ಒಂದೇ. ರಾಯರ ಕಾಲು ಬಾತಿವೆ, ಮಲಗಿದರೆ ಉಸಿರು ಕಟ್ಟುತ್ತದೆ, ಕೂತೇ ನಿದ್ದೆ ಮಾಡುತ್ತಾರಂತೆ. "ನಿನ್ನ ಭಾಳ ನೆನಸ್ತಾರವಾ, ಒಮ್ಮೆ ಬಂದು ಹೋಗು" ಅಂದರು. ಮುಂದಿನ ಭಾನುವಾರ ಬರುತ್ತೇನೆಂದೆ. ಮುಂದಿನ ಭಾನುವಾರ ಅಲ್ಲಿ ಕ್ರಿಸ್‌ಮಸ್, ಗೋದಾಮಿಗೂ ರಜೆ. ಹೋಗಬಹುದು.

ಅವ್ವ ಮಂಚದಿಂದ ಬಚ್ಚಲಿಗೆ ಹೋಗಲು ನಲವತ್ತೊಂದು ಸೆಕೆಂಡು ತೆಗೆದುಕೊಂಡಳು. ಹೋದ ತಿಂಗಳು ಮೂವತ್ತೈದಿತ್ತು. ಡಾಕ್ಟರು ಫೆಬ್ರವರಿಗೆ ದಿನ ಕೊಟ್ಟಿದ್ದಾರೆ.

ಮೊನ್ನೆ ನಮ್ಮ ಮದುವೆಯ ದಿನವಾಗಿತ್ತು. ಇವತ್ತು ಅವ್ವ ಹೇಳಿದ ಮೇಲೆ ನೆನಪಾಯಿತು.

9 ಜನವರಿ 2023, ಸೋಮವಾರ

ಹಣಮಂತರಾಯರು ಶನಿವಾರ ಬೆಳಿಗ್ಗೆ ತೀರಿಕೊಂಡರಂತೆ. ಡಯಾಲಿಸಿಸ್‌ನ ಪಾಳಿ ಸೋಮವಾರಕ್ಕಿತ್ತು. ಎದುರುಮನೆಯವರ ಕೈಯಿಂದ ಅಕ್ಕ ನನ್ನ ಫೋನಿಗೆ ಸುದ್ದಿ ಕಳಿಸಿದ್ದರು. ಶನಿವಾರ ಫೋನ್ ಆಫೀಸಿನ ಲಾಕರಿನಲ್ಲಿತ್ತು, ಭಾನುವಾರ ತೆಗೆದು ನೋಡಲಿಲ್ಲ.

ಕ್ರಿಸ್‌ಮಸ್ ದಿನ ಹೋಗಿರಲಿಲ್ಲ. ತಲೆ ತೊಳೆದುಕೊಂಡು ಮಲಗಿದ್ದೆ.

ಅವ್ವ ಕೇಳಿದಳು: "ಕಾರ್ಡ ಇದ್ದಿದ್ರ ಬದುಕ್ತಿದ್ದನೇನವಾ ಅವ?"

"ಯಾರಿಗೆ ಗೊತ್ತವ್ವಾ. ಎರಡೂ ಕಿಡ್ನಿ ಹೋಗಿದ್ವು" ಅಂದೆ.

ಅವ್ವ ನನ್ನ ಕಡೆ ತಿರುಗಿದಳು. "ಅಲ್ಲವಾ, ನಿನ್ನ ಗಂಡ ಸತ್ತಾಗ ಆಸ್ಪತ್ರಿ ಮಂದೀನೂ ಹಿಂಗ ಅಂದಿದ್ರು. ಯಾರಿಗೆ ಗೊತ್ತು ಅಂತ. ಅವತ್ತು ನೀ ನೆಲಕ್ಕ ಬಿದ್ದು ಹೊಳ್ಳಾಡಿದ್ದಿ."

ಎದ್ದು ಹೊರಗೆ ಹೋಗಿ ನಿಂತೆ.

10 ಜನವರಿ

ಕೆಲಸಕ್ಕೆ ಹೋಗಲಿಲ್ಲ. ಮಲ್ಕಾಜ್‌ಗಿರಿಯ ಓಣಿಯ ತುದಿಯವರೆಗೂ ಹೋದೆ. ಮನೆಯ ಮುಂದೆ ಜನ ಕೂತಿದ್ದರು. ಹಿಂತಿರುಗಿದೆ.

22 ಜನವರಿ, ಭಾನುವಾರ

ಹದಿಮೂರನೇ ದಿನದ ಕೆಲಸ ಮುಗಿದು, ಬಂದ ನೆಂಟರೆಲ್ಲ ಹೋದ ಮೇಲೆ ಇವತ್ತು ಹೋದೆ. ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ.

ಅಕ್ಕ ಚಾಪೆಯ ಮೇಲೆ ಕೂತು ರಾಯರ ಬಟ್ಟೆಗಳನ್ನು ಮಡಚುತ್ತಿದ್ದರು. ಯಾರಿಗೋ ಕೊಡಲು. ಎಷ್ಟು ಬೇಗ ಮಡಚುತ್ತಾರೆ! ಕಾಲರ್ ಹಿಡಿದು ಒಂದು ಸಲ ಕೊಡವಿದರೆ ಶರ್ಟು ತಾನೇ ಚೌಕಾಕಾರವಾಗಿ ಕೂರುತ್ತದೆ. ನನ್ನನ್ನು ಕಂಡದ್ದೇ ಎದ್ದು ಬಂದು ಅಪ್ಪಿಕೊಂಡು ಅತ್ತರು. ನನಗೆ ಅಳು ಬರಲಿಲ್ಲ.

"ನೀ ಬರಲಿಲ್ಲ ಅಂತ ನನಗ ಸಿಟ್ಟಿಲ್ಲವಾ. ಕೆಲಸ ಎಂಥಾದ್ದು ಅಂತ ನಾ ನೋಡೀನಲ್ಲ" ಅಂದರು. ಕೂಡಿಸಿ ನೀರು ಕೊಟ್ಟರು. ಮತ್ತೆ ಮಡಚುತ್ತ ಹೇಳಿದರು: "ಕೆಲಸ ಹೋದ ದಿನ ಮನೀಗೆ ಬಂದು ಇವರಿಗೆ ಏನ ಹೇಳಿದೆ ಗೊತ್ತದೇನು? ಅಷ್ಟು ಮಂದ್ಯಾಗ ಆ ಹುಡುಗಿ ಒಬ್ಬಾಕಿ ನನ್ನ ಸಲುವಾಗಿ ಜಗಳಾಡ್ಯಾಳ ಅಂತ. ಕಡೀತನಕ ನೆನಸಿದ್ರು. ಕಡೀ ದಿನ ಸುದ್ದಾ, ಅವ್ವಗ ಮಣಕಾಲು ಆಪರೇಷನ್ ಆತೇನು ಅಂತ ಕೇಳಿದ್ರು."

ಇನ್ನು ಸುಮ್ಮನಿರಲು ಆಗಲಿಲ್ಲ.

"ಅಕ್ಕಾರ, ನಾ ಜಗಳಾಡ್ಲಿಲ್ಲರಿ."

"ಏನಂದಿ?"

"ನಿಮ್ಮ ಹೆಸರು ಉಳಸಬೇಕಂದ್ರ ಬರದು ಕೊಡ್ರಿ ಅಂದ್ರು. ನಾ ಬರೀಲಿಲ್ಲ. ಹೊಳಪು ನೋಡೂದು, ರಟ್ಟು, ತೂತು, ನೀವು ಕಲಿಸಿದ್ದೆಲ್ಲಾ ಯಂತ್ರಕ್ಕ ಬರದು ಕೊಟ್ಟಾಕಿ ನಾನ. ಅದಕ್ಕ ಅರಿವಿ ಬರೂದು ನಿಂತಿತು. ಮ್ಯಾಲೆ ನನ್ನ ಹೆಸರು ಹಾಕ್ಕೊಂಡೆ. ನಿಮ್ಮನ್ನ ಬಿಡಸೂ ಪಟ್ಟಿಗೆ ಸಹಿ ಮಾಡಿದಾಕಿನೂ ನಾನ."

ಅವರ ಕೈ ನಿಂತಿತು. ಹೊರಗೆ ರೈಲು ಹೋಯಿತು, ಕಿಟಕಿಯ ಗಾಜು ಅದುರಿತು. ರೈಲು ಪೂರ್ತಿ ದಾಟುವವರೆಗೂ ಅವರು ನನ್ನನ್ನೇ ನೋಡುತ್ತಿದ್ದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿ ಎಂದೇ ಹೋಗಿದ್ದೆ ಎಂದು ಈಗ ಅನಿಸುತ್ತದೆ.

"ಇದನ್ನ ನನಗ ಯಾಕ ಹೇಳಿದಿ?"

"ಮನಸ್ಸಿನ್ಯಾಗ ಇಟ್ಕೊಂಡಿರಲಿಕ್ಕೆ ಆಗಲಿಲ್ಲರಿ."

"ನಿನ್ನ ಮನಸ್ಸು ಹಗುರಾತು." ದನಿ ಏರಿಸಲಿಲ್ಲ. "ಅವರು ಹೋದ್ರು. ಕೆಲಸ ಹೋತು. ಆದ್ರೂ ನನಗ ಒಬ್ಬಾಕಿ ಇದ್ಲು, ನನ್ನ ಸಲುವಾಗಿ ಎದ್ದು ನಿಂತಿದ್ಲು ಅಂತ ಇತ್ತು. ದಿನಾ ಮಲಗೂ ಮುಂದ ಅದನ್ನ ನೆನಸ್ತಿದ್ದೆ. ಈಗ ಅದನ್ನೂ ಒಯ್ದಿ."

ಕಾಲು ಹಿಡಿಯಲು ಬಗ್ಗಿದೆ. ಹಿಂದಕ್ಕೆ ಸರಿದರು.

"ಏಳು. ಹೊತ್ತು ಮುಣಗೂದ್ರೊಳಗ ಹೋಗು. ಆಮ್ಯಾಲೆ ಬಸ್ಸು ತುಂಬಿರ್ತಾವ."

ಬಾಗಿಲವರೆಗೆ ಬರಲಿಲ್ಲ. ನಾನು ಚಪ್ಪಲಿ ಹಾಕಿಕೊಳ್ಳುವಾಗ ಒಳಗೆ ಬಟ್ಟೆ ಕೊಡವುವ ಸದ್ದು ಮತ್ತೆ ಶುರುವಾಯಿತು.

ಬಸ್ಸಿನಲ್ಲಿ ಅತ್ತೆ. ಪಕ್ಕದ ಹೆಂಗಸು ತೆಲುಗಿನಲ್ಲಿ ಏನಾಯಿತಮ್ಮಾ ಎಂದು ಕೇಳಿದಳು. ಏನೂ ಇಲ್ಲ, ಮನೆಯಲ್ಲಿ ಒಬ್ಬರು ಹೋದರು ಎಂದೆ. ಅವಳಿಗೆ ನಾನು ಇನ್ನೇನು ಹೇಳಬಹುದಿತ್ತು?

23 ಜನವರಿ

ಅಕ್ಷಯನಿಗೆ ಬರೆದು ಕೊಟ್ಟೆ, ಅವತ್ತು ಅಳಿಸಿದ ಸಾಲಿನಿಂದಲೇ ಶುರು ಮಾಡಿ. ಎರಡು ಸಲ ಓದಿದ. "ಈಗ ಇದನ್ನ ಇಟ್ಕೊಂಡು ನಾನು ಏನು ಮಾಡಲಿ, ಶಿವಗಂಗಾ ಅವರೆ?" ಅಂದ. ಸಿಟ್ಟಿನಿಂದಲ್ಲ, ನಿಜವಾಗಿಯೂ ಗೊತ್ತಿಲ್ಲದೆ. ಈಗ ಖಾಲಿ ಜಾಗವಿಲ್ಲ, ಏಪ್ರಿಲಿನ ಹೊತ್ತಿಗೆ ನಮ್ಮ ಟೀಮೇ ಇರುತ್ತದೋ ಇಲ್ಲವೋ. ಕಾಗದವನ್ನು ಡ್ರಾಯರಿಗೆ ಹಾಕಿದ.

11 ಫೆಬ್ರವರಿ, ಶನಿವಾರ

ಬುಧವಾರ ಅವ್ವನ ಎರಡೂ ಮೊಣಕಾಲಿನ ಆಪರೇಷನ್ ಆಯಿತು. ಆಪರೇಷನ್ನಿಗೆ ಮುಂಚೆ ಆಸ್ಪತ್ರೆಯ ಕೌಂಟರಿನಲ್ಲಿ ಕಾರ್ಡು ಕೇಳಿದರು. ತೆಗೆದು ಕೊಡುವಾಗ ಕೈ ತಡೆಯಿತು. ಹಿಂದೆ ಸಾಲಿನಲ್ಲಿದ್ದವರು ಬೇಗ ಅಂದರು. ಕೊಟ್ಟೆ.

ಅವ್ವನಿಗೆ ಎಲ್ಲ ಹೇಳಿದ್ದೇನೆ. ಕೇಳಿ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದಳು. ಬೆಳಿಗ್ಗೆ ತಾನಾಗಿಯೇ ಮಾತಾಡಿದಳು: "ನನ್ನ ಕಾಲು ಮುಂದ ಮಾಡಿ ಹೇಳಬ್ಯಾಡವಾ. ನನ್ನ ಕಾಲು ನಿನಗ ಏನೂ ಹೇಳಿರಲಿಲ್ಲ."

ಸರಿಯೇ.

19 ಮಾರ್ಚ್, ಭಾನುವಾರ

ಟೀಮಿನಲ್ಲಿ ಈಗ ಮೂವರು. ಮುಂದಿನ ತಿಂಗಳು ಕೊನೆ ಎಂದು ಅಕ್ಷಯ ಹೇಳಿಯಾಯಿತು. ಅವನಿಗೂ ಬೇರೆ ಕೆಲಸ ನೋಡಿಕೊಳ್ಳಲು ಹೇಳಿದ್ದಾರಂತೆ. ನನಗೆ ಬೇಸರವೂ ಆಗಲಿಲ್ಲ, ಸಮಾಧಾನವೂ ಆಗಲಿಲ್ಲ.

ಇವತ್ತು ಬೆಳಿಗ್ಗೆ ಅವ್ವ ಕೋಲನ್ನು ಗೋಡೆಗೆ ಆನಿಸಿ ಹೊಸ್ತಿಲು ದಾಟಿದಳು. ನಾನು ಹಿಂದೆ ಹೋಗಲು ಎದ್ದೆ, ಬೇಡ ಎಂದು ಕೈ ಮಾಡಿದಳು. ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಓಣಿಯ ತುದಿಯ ಹಾಲಿನ ಅಂಗಡಿಯವರೆಗೆ ನಡೆದಳು. ಅಲ್ಲಿ ನಿಂತು ಅಂಗಡಿಯವಳ ಜೊತೆ ತೆಲುಗಿನಲ್ಲಿ ಏನೋ ಜೋರಾಗಿ ಮಾತಾಡಿದಳು, ನಕ್ಕಳು. ನಾಲ್ಕು ವರ್ಷದಿಂದ ನಾನು ಅವ್ವನನ್ನು ಅಷ್ಟು ದೂರದಿಂದ ನೋಡಿರಲಿಲ್ಲ.

ಯಾರಿಗಾದರೂ ಹೇಳಬೇಕೆನಿಸಿತು. ಯಾರಿಗೆ ಎಂದು ಯೋಚಿಸಿದರೆ ಒಬ್ಬರೇ ಇದ್ದರು. ಫೋನ್ ಹಚ್ಚಿದೆ. ಎತ್ತುವುದಿಲ್ಲ ಅಂದುಕೊಂಡಿದ್ದೆ. ಎತ್ತಿದರು. ಹಲೋ ಅನ್ನಲಿಲ್ಲ. ಉಸಿರು ಮಾತ್ರ ಕೇಳಿಸುತ್ತಿತ್ತು, ಹಿಂದೆ ಕುಕ್ಕರಿನ ಸದ್ದು.

"ಅಕ್ಕಾರ, ಅವ್ವ ಇವತ್ತು ಕೋಲಿಲ್ಲದ ನಡದ್ಲರಿ. ಓಣಿ ಕಡೀತನಕ."

ಕುಕ್ಕರ್ ಒಂದು ಸಲ ಕೂಗಿತು.

"ಚಲೋ ಆತು" ಅಂದರು. ಫೋನ್ ಇಟ್ಟರು.